ರಸೀದಿಯ ನಾಲ್ಕನೇ ಸಾಲು

ಇಪ್ಪತ್ತೆರಡು ವರ್ಷ ದಾವಣಗೆರೆಯ ಓಣಿ ಓಣಿ ತಿರುಗಿ
ಮನೆ ಕಂದಾಯ ವಸೂಲಿ ಮಾಡಿದವನು ನಾನು.
ಕಾರ್ಬನ್ನಿನ ನೀಲಿ ಇನ್ನೂ
ಕಿರುಬೆರಳ ಬದಿಯಲ್ಲಿದೆ, ಸೋಪಿಗೆ ಬಗ್ಗಿಲ್ಲ.
ನಾಲ್ಕನೇ ಸಾಲು: ಗ್ರಂಥಾಲಯ ಕರ.
ನೂರಕ್ಕೆ ಆರು.
ಬರೆದೆ, ಕೂಡಿದೆ, ಹರಿದು ಕೊಟ್ಟೆ.
ಓದಲಿಲ್ಲ.

ಕೇಳಿದವಳು ಒಬ್ಬಳೇ,
ಮಂಡಕ್ಕಿ ಭಟ್ಟಿ ಹಿಂದಿನ ಖತೀಜಾಬಿ,
ಕಾದ ಮರಳಿನ ಬಿಸಿ ಮುಖದಲ್ಲೇ ಇಟ್ಟುಕೊಂಡು:
"ಇದೇನ್ರಿ ಸಾಹೇಬ್ರ, ಇಪ್ಪತ್ತೇಳು ರೂಪಾಯಿ?"
"ಪುಸ್ತಕದ್ದು."
"ಎಲ್ಲೈತ್ರಿ ಆ ಪುಸ್ತಕ?"
ಚಿಲ್ಲರೆ ಎಣಿಸುವ ನೆಪದಲ್ಲಿ ತಲೆ ತಗ್ಗಿಸಿದೆ.

ನಿವೃತ್ತನಾದ ವರ್ಷದ ಏಪ್ರಿಲ್.
ಬಿಸಿಲಿಗೆ ಸೋತು ಒಳಹೊಕ್ಕೆ,
ಓದಲಿಕ್ಕಲ್ಲ, ನೀರಿಗೆ.
ಬೋರ್ಡಿನಲ್ಲಿ ಗ್ರಂ ಉದುರಿದೆ, ಥಾಲಯ ಉಳಿದಿದೆ.
ಏಳು ಕುರ್ಚಿ, ಮೂವತ್ತು ಜನ.
ಪೊಲೀಸ್ ಪರೀಕ್ಷೆ, ಪಿಡಿಒ ಪರೀಕ್ಷೆ ಎಂದು
ಮೆಟ್ಟಿಲ ಮೇಲೆ, ಬೀರುಗಳ ಸಂದಿಯಲ್ಲಿ ಬಾಗಿದ ಬೆನ್ನುಗಳು.
ಒಂದೇ ಪತ್ರಿಕೆ, ನಾಲ್ಕು ಹೋಳು, ನಾಲ್ಕು ಕೈ;
ಮುಖಪುಟದವನು ಕ್ರೀಡಾಪುಟದವನನ್ನು
ಬಸ್ಸು ಕಾಯುವವನಂತೆ ನೋಡುತ್ತಿದ್ದ.
ಫ್ಯಾನಿನ ಬಟ್ಟಲಲ್ಲಿ ಗುಬ್ಬಿ ಗೂಡು.
"ರಿಪೇರಿ ಮಾಡ್ಸಿದ್ರ ಮರಿ ಸಾಯ್ತಾವ್ರಿ,
ಮಾಡ್ಸಾಕ ದುಡ್ಡೂ ಇಲ್ಲ ಬಿಡ್ರಿ"
ಎಂದು ನಕ್ಕಳು ಕೊಟ್ರಬಸಮ್ಮ, ದಿನಗೂಲಿ ಮೇಲ್ವಿಚಾರಕಿ,
ಐದು ತಿಂಗಳ ಸಂಬಳ ಬಾಕಿ.

ಆಕೆಯ ಬಜೆಟ್ಟು ಇಷ್ಟೇ:
ಹಳೇ ಪೇಪರು ತೂಕಕ್ಕೆ ಹಾಕಿ ಟ್ಯೂಬ್‌ಲೈಟು,
ಹರಿದ ಪುಟಕ್ಕೆ ಮನೆಯಲ್ಲಿ ಕುದಿಸಿದ ಮೈದಾ ಅಂಟು,
ಸೋರುವ ತಿಂಗಳಲ್ಲಿ ಕವಿತೆಯ ಬೀರು ಎರಡಡಿ ಆಚೆ,
ಸೋರದಿದ್ದಾಗ ಎರಡಡಿ ಈಚೆ.

ಕಿಟಕಿ ಬಳಿ ಒಂದು ಹುಡುಗಿ.
ಖತೀಜಾಬಿಯ ಮೊಮ್ಮಗಳು, ಶಗುಫ್ತಾ.
ಕೈಯಲ್ಲಿದ್ದ ಕಾದಂಬರಿಗೆ ಕೊನೆಯ ಹದಿನಾರು ಪುಟ ಇಲ್ಲ.
ಮೂರು ಸಲ ಓದಿದ್ದಾಳಂತೆ.
"ಅಂಕಲ್, ಮುಂದೇನಾತು, ನಿಮಗ ಗೊತ್ತೇನ್ರಿ?"
ಈ ಸಲ ಎಣಿಸಲು ಚಿಲ್ಲರೆಯೂ ಇರಲಿಲ್ಲ.

ಹಳೇ ಕಚೇರಿಗೆ ಹೋದೆ. ಕೌಂಟರಿನ ಹೊರಬದಿ ನಿಂತದ್ದು ಅದೇ ಮೊದಲು.
ವಸೂಲಾಗಿದೆ, ಅಂದರು.
ವರ್ಗಾವಣೆ ಆಗಬೇಕು, ಅಂದರು.
ನಿಮಗೇ ಗೊತ್ತಲ್ಲ ಸಾರ್, ಅಂದರು.
ಗೊತ್ತು. ಅದೇ ಉರಿಯುತ್ತದೆ.

ಮರುದಿನದಿಂದ ಅದೇ ಓಣಿ, ಅದೇ ಬಾಗಿಲು,
ಕಂಕುಳಲ್ಲಿ ರಸೀದಿ ಪುಸ್ತಕವಿಲ್ಲದೆ.
ನನ್ನ ಕಂಡದ್ದೇ ಗಾಬರಿ: "ಕಟ್ಟೀವಲ್ರಿ ಈ ವರ್ಷದ್ದು!"
ಕಟ್ಟಿದ್ದೀರಿ. ಆ ಮಾತನ್ನೇ ಬಂದು ಹೇಳಿ.
ಹಾಗೇ ಒಮ್ಮೆ ಒಳಗೆ ಹೋಗಿ ಕೂತು ಬನ್ನಿ,
ಜನ ಬರಲ್ಲ ಅಂತ ಬರೆಯುತ್ತಾರೆ ಕಡತದಲ್ಲಿ.
ಕೆಲವರು ಕದ ಹಾಕಿದರು.
ಹತ್ತಿ ಗಿರಣಿಯ ಹಳೇ ಫಿಟ್ಟರ್ ಹಾಲೇಶಪ್ಪ
ಫ್ಯಾನು ನೋಡಿ, ಮರಿ ಹಾರಲಿ ಆಮೇಲೆ ಬರ್ತೀನಿ, ಅಂದ.
ಭಟ್ಟಿಯಿಂದ ಒಂದು ಬೆಂಚು ಬಂತು, ಮಸಿ ಸಮೇತ.

ಬೆಂಚು ನಮ್ಮದು, ಸರಿ. ಸಂಬಳ, ಪುಸ್ತಕ, ಸೂರು
ನಾಲ್ಕನೇ ಸಾಲಿನದು.

ಸೋಮವಾರ, ಪಾಲಿಕೆ ಮೆಟ್ಟಿಲು. ಹತ್ತೊಂಬತ್ತು ಜನ.
ಖತೀಜಾಬಿ ಮಂಡಕ್ಕಿ ಚೀಲದ ತುಂಬ ರಸೀದಿ ತಂದಿದ್ದಳು,
ಎಲ್ಲವೂ ನನ್ನದೇ ಕೈಬರಹ, ಹೊಗೆ ವಾಸನೆ.
"ಮೊಮ್ಮಗಳು ಬರಲಿಲ್ವೇನಮ್ಮ?"
"ಕುರ್ಚಿ ಸಿಕ್ಕೈತಂತ್ರಿ ಇವತ್ತು,
ಎದ್ರ ಹೋಗ್ತದ."