ಮೂವತ್ತೈದು ಡಿಗ್ರಿ

ಆಟೋ ಕಾಂಪ್ಲೆಕ್ಸಿನಲ್ಲಿ ಡೊಂಕು ತೆಗೆಯುವುದೇ ನನ್ನ ಕಸುಬು.
ಹೊಂಡಕ್ಕೆ ಬಿದ್ದ ಬುಲೆಟ್ಟಿನ ರಿಮ್ಮು,
ಆಗುಂಬೆ ತಿರುವಿನಲ್ಲಿ ಬಂಡೆಗೆ ಮುಖ ಕೊಟ್ಟ ಫೋರ್ಕು,
ಕಣ್ಣ ಮಟ್ಟಕ್ಕೆ ಹಿಡಿದು ಒಂದು ಸುತ್ತು ತಿರುಗಿಸಿದರೆ ಸಾಕು,
ಎಲ್ಲಿ ಎಷ್ಟು ನೂಲು ಸೊಟ್ಟ ಅಂತ
ಡಯಲ್ ಗೇಜಿಗಿಂತ ಮೊದಲು ಹೇಳುತ್ತೇನೆ.

ಇದನ್ನು ಯಾರಿಗೆ ಹೇಳಲಿ?

ಮೊದಲು ನೋವು. ಶಿವರಾತ್ರಿ ಕಳೆದ ವಾರ, ಬೆಳಗಿನ ಜಾವ
ತನ್ನಷ್ಟಕ್ಕೆ ಎದ್ದದ್ದು ಒಂದು ಬದಿಗೆ ಸೆಳೆಯಿತು.
ಮುಟ್ಟಿ ನೋಡಿದೆ: ಮೇಲ್ಗಡೆ, ಚರ್ಮದಡಿ
ಹುಣಸೆಬೀಜದಷ್ಟು ಗಟ್ಟಿ.
ಮಳೆಗಾಲ ಹಿಡಿಯುವ ಹೊತ್ತಿಗೆ ಬಾಗಿಯೇ ಬಿಟ್ಟಿತ್ತು
ಐವತ್ಮೂರು ವರ್ಷ ನೆಟ್ಟಗಿದ್ದದ್ದು.

ಬಸ್‌ಸ್ಟ್ಯಾಂಡ್ ಗೋಡೆಯ ಹಳದಿ ಚೀಟಿ ಓದಿಕೊಂಡು
ಲಾಡ್ಜಿನ ಹನ್ನೊಂದನೇ ನಂಬರ್ ರೂಮಿಗೆ ಹೋದೆ.
ಎರಡನೇ ಶನಿವಾರ ಮಾತ್ರ ಸಿಗುವ ವೈದ್ಯರು
ಹರೆಯದ ತಪ್ಪು ಅಂದರು,
ಎರಡು ಸಾವಿರದ ಎಂಟುನೂರು ತಗೊಂಡು
ಲವಂಗದ ವಾಸನೆಯ ಎಣ್ಣೆ ಕೊಟ್ಟರು.
ಹರೆಯದಲ್ಲಿ ನಾನು ಎಲ್ಲಿದ್ದೆ ಅಂತ ನೆನಪು ಮಾಡಿಕೊಂಡೆ.
ಲೇತ್ ಮಷೀನಿನ ಮುಂದಿದ್ದೆ.

ಐದು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದೆ.
ಒಂದು ರಾತ್ರಿ ಇಂದ್ರಾಕ್ಷಿ ಕತ್ತಲಿಗೇ ಹೇಳುವಂತೆ,
"ನನ್ನ ಮೇಲೆ ಮನಸ್ಸಿಲ್ಲ ಅಂತ ಹೇಳಿಬಿಡಿ.
ಸೊಂಟನೋವು ಅಂತ ಯಾಕೆ ಸುಳ್ಳು?"

ಎದ್ದು ಲೈಟು ಹಾಕಿದೆ. ತೋರಿಸಿದೆ.
ಅವಳು ದಾರ ಪೋಣಿಸುವ ಕನ್ನಡಕ ಹುಡುಕಿ ಹಾಕಿಕೊಂಡಳು.
ನಗುತ್ತಾಳೆ ಅಂದುಕೊಂಡೆ.
"ನೋಯುತ್ತಾ?" ಅಂದಳು.

ಮೂವತ್ತು ವರ್ಷ ರವಿಕೆ ಹೊಲಿದವಳು.
"ಇಲ್ಲಿ ಹೊಲಿಗೆ ಗಂಟು ಬಿದ್ದಿದೆ, ಈ ಬದಿ ಬಟ್ಟೆ ಹಿಗ್ಗಲ್ಲ,
ಆ ಬದಿ ಹಿಗ್ಗುತ್ತೆ. ಎಳೆದುಕೊಳ್ಳದೆ ಇನ್ನೇನು?"
ಮಗಳ ಹಳೇ ಕಂಪಾಸ್ ಪೆಟ್ಟಿಗೆಯಿಂದ ಕೋನಮಾಪಕ ತಂದಳು.
ಮೂವತ್ತೈದು, ಅಂದಳು. ಆಮೇಲೆ ಇಬ್ಬರೂ ನಕ್ಕೆವು,
ಪಕ್ಕದ ಮನೆಯವರು ಕೆಮ್ಮುವಷ್ಟು.

ಮೆಗ್ಗಾನ್ ಆಸ್ಪತ್ರೆಯ ಡಾಕ್ಟರಿಗೆ ನನ್ನ ಮಗಳ ವಯಸ್ಸು.
ಶಿಶ್ನ ಅನ್ನುವ ಪದವನ್ನು
ಮೊಣಕಾಲು ಅಂದ ಹಾಗೆ ಅಂದಳು.
ಅವಳು ಬಾಯಲ್ಲಿ ಹೇಳಿದ್ದೂ ಹೊಲಿಗೆಯ ಮಾತೇ:
ಒಳಪದರದಲ್ಲಿ ಗಾಯ ಮಾಗಿ ಉಳಿದ ಕಲೆ, ಅದು ಹಿಗ್ಗುವುದಿಲ್ಲ.
ಕ್ಯಾನ್ಸರಲ್ಲ. ಅಂಟುವುದಿಲ್ಲ. ಯಾರ ಪಾಪವೂ ಅಲ್ಲ.
"ಸಕ್ಕರೆ ಕಾಯಿಲೆ ಇದೆಯಾ? ಎಲ್ಲಿ, ಅಂಗೈ ತೋರಿಸಿ."

ಅಂಗೈ?

ಉಂಗುರಬೆರಳಿನ ಬುಡದಲ್ಲೊಂದು ಹುರಿ,
ಸುತ್ತಿಗೆ ಹಿಡಿದು ಜಡ್ಡುಗಟ್ಟಿದೆ ಅಂತ ಬಿಟ್ಟಿದ್ದು.
ಮೇಜಿನ ಮೇಲೆ ಕೈ ಚಪ್ಪಟೆ ಇಡಿ ಅಂದಳು.
ಬೆರಳು ಮಲಗಲಿಲ್ಲ.
ಕೆಲವರಲ್ಲಿ ಎರಡೂ ಜೊತೆಗೆ ಬರುತ್ತವೆ, ಅಂತ ಬರೆದುಕೊಂಡಳು.

"ಈಗಲೇ ನೆಟ್ಟಗೆ ಮಾಡಿಬಿಡಿ" ಅಂದೆ.
ಇಲ್ಲವಂತೆ. ಇನ್ನೂ ಬಾಗುತ್ತಿದೆಯಂತೆ.
ನೋವು ಹೋಗಿ ಬಾಗು ಒಂದು ಕಡೆ ನಿಲ್ಲಬೇಕು,
ವರ್ಷವೂ ಆಗಬಹುದು,
ಆಮೇಲೆ ಸೂಜಿಯೋ, ಕತ್ತರಿಯೋ, ಏನೂ ಬೇಡವೋ.
ಎಣ್ಣೆ ಬಿಡಿ. ಬಲವಂತವಾಗಿ ಬಗ್ಗಿಸಬೇಡಿ.
ಕಾಯಿಸದೆ ಬಡಿದರೆ ಸೀಳುತ್ತದೆ ಅಂತ
ದಿನಾ ಹುಡುಗರಿಗೆ ಬೈಯುವವನು ನಾನು.

ಪಕ್ಕದ ಶೆಡ್ಡಿನ ಖಲಂದರ್, ಟಿಂಕರಿಂಗ್ ಕೆಲಸದವನು,
ಮೂರು ತಿಂಗಳಿಂದ ಚಹಾ ಹಿಡಿದು ಬರುತ್ತಾನೆ.
"ಒಂದು ಮಾತು ಕೇಳಬೇಕಿತ್ತು" ಅನ್ನುತ್ತಾನೆ,
ಏನು ಅಂದರೆ ವೆಲ್ಡಿಂಗ್ ರಾಡಿನ ರೇಟು ಕೇಳಿ ಹೋಗುತ್ತಾನೆ.
ನಿನ್ನೆ ಅವನ ಜೇಬಿನಿಂದ ಹಳದಿ ಚೀಟಿ ಇಣುಕುತ್ತಿತ್ತು.

ಕಂಪ್ರೆಸರ್ ಆಫ್ ಮಾಡು ಮಾರಾಯ, ಅಂದೆ.
ಕೂತ್ಕೋ.