ಮುದ್ದತು

ಕಾಜುಬಾಗದಲ್ಲಿ ಸೋಡಾ ಅಂಗಡಿಯ ಮೇಲೆ
ಮರದ ಏಣಿ ಹತ್ತಿದರೆ ವಕೀಲರ ಖೋಲಿ.
ಟೈಪ್‌ರೈಟರಿನಲ್ಲಿ 'ಳ' ಮುರಿದಿತ್ತು.
ಕಾಳಿ ನದಿ ಎಂದು ಬಡಿದರೆ
ಕಾ, ಆಮೇಲೆ ಖಾಲಿ, ಆಮೇಲೆ ನದಿ.
ಖಾಲಿಯನ್ನು ಪೆನ್ನಿನಿಂದ ತುಂಬುವುದು ನನ್ನ ಕೆಲಸ.
ಇಷ್ಟು ವರ್ಷದಲ್ಲಿ ನಾನು ಕೈಯಾರೆ ಬರೆದದ್ದು
ಅದೊಂದೇ ಅಕ್ಷರ.

ಬೊಮ್ಮಣ್ಣ ಗಾಂವಕರ, ಬಿ.ಎ., ಎಲ್‌ಎಲ್.ಬಿ.,
ಕೋರ್ಟಿನಲ್ಲಿ ಕೂಗುತ್ತಿರಲಿಲ್ಲ.
ಸಾಕ್ಷಿಕಟ್ಟೆಯ ಹತ್ತಿರ ಹೋಗಿ
ಬಂಗಡೆಯ ಪಾಲಿಗೆ ಚೌಕಾಶಿ ಮಾಡುವವರ ಹಾಗೆ
ಮೆಲ್ಲಗೆ ಕೇಳುತ್ತಿದ್ದರು:
"ಅಳತೆ ಮಾಡಿದ ದಿನ ಭರತ ಇತ್ತಾ, ಇಳಿತವಾ?"
ಸರ್ವೆಯವ ಕರವಸ್ತ್ರ ಹುಡುಕುತ್ತಿದ್ದ.
ಭರತದ ಹೊತ್ತಿಗೆ ಬಂದು, ದಂಡೆಯ ಮೇಲೆ ನಿಂತು,
ನಮ್ಮ ಗಜನಿಗಳನ್ನೆಲ್ಲ 'ನೀರು' ಎಂದು ಬರೆದು ಹೋಗಿದ್ದನಲ್ಲ.
ನೀರಿಗೆ ಪರಿಹಾರ ಇಲ್ಲ.
ಗಾಂವಕರರು ಒಂದು ಸಲ ಕೊಯ್ದ ಭತ್ತದ ಕೂಳೆ ತಂದು
ಮೇಜಿನ ಮೇಲಿಟ್ಟರು, ಬೇರಿನ ಕೆಸರು ಸಮೇತ.
"ಸ್ವಾಮಿ, ಇದು ಯಾವ ಜಾತಿಯ ಮೀನು?"
ನಕ್ಕದ್ದು ಪಟ್ಟೇವಾಲಾ ಮೊದಲು, ಸಾಹೇಬರು ಆಮೇಲೆ.
ಗುಂಟೆಗೆ ನಲವತ್ತೇಳಿದ್ದದ್ದು ಮುನ್ನೂರ ಹತ್ತಾಯಿತು.

ಆ ಗುಂಟೆಗಳೇ ಓಟುಗಳಾದವು.
ಪಕ್ಷೇತರ. ಏಣಿಯ ಗುರುತು.
ಬೈತಖೋಲದ ದೋಣಿಗಳ ಮೂತಿಗೆಲ್ಲ ಏಣಿ ಬರೆದೆವು,
ಕೋಡಿಬಾಗದ ಗೋಡೆಗೂ, ಮಾಜಾಳಿಯ ಗಡಂಗಿಗೂ.
ಗೆದ್ದ ರಾತ್ರಿ ಅವರು ಖೋಲಿಗೆ ಬಂದು
ಕೋಟನ್ನು ಮೊಳೆಗೆ ತೂಗಿ
"ಪುರಸು, ಇದು ಇಲ್ಲೇ ಇರಲಿ" ಅಂದರು.

ಮೊದಲ ಸಲ ಶನಿವಾರ ಶನಿವಾರ ಬರುತ್ತಿದ್ದರು.
ಎರಡನೇ ಸಲ ಆಳುವವರ ಜತೆ ಸೇರಿ
ರಾಜ್ಯಮಂತ್ರಿ: ಮುದ್ರಣ ಮತ್ತು ಲೇಖನ ಸಾಮಗ್ರಿ.
ಲಾರಿಯಲ್ಲಿ ಕಾಗದ ಬಂತು, ಹದಿನಾರು ರೀಮು.
ಳ ಬರಲಿಲ್ಲ. ನಾನು ಕೇಳಲೂ ಇಲ್ಲ.
ಆ ಕಾಗದದ ಮೇಲೆ ತಿಂಗಳು ತಿಂಗಳು ಬಡಿದದ್ದು:
'ವಕೀಲರು ಸದನದಲ್ಲಿ ಹಾಜರಿದ್ದಾರೆ. ಮುದ್ದತು ದಯಪಾಲಿಸಬೇಕು.'
ನೋಡಿ, ಈ ಮಾತಿನಲ್ಲಿ ಎಲ್ಲೂ ಳ ಇಲ್ಲ.
ಪೆನ್ನು ತೆಗೆಯುವ ಕೆಲಸವೇ ಬೀಳಲಿಲ್ಲ.

ಸಮುದ್ರದಂಚಿನ ನೆಲಕ್ಕೊಂದು ಹೊಸ ಕಾಯ್ದೆ ಬಂತು.
ಕರಡಿಗೆ ಭರತ-ಇಳಿತ ಬಲ್ಲವರು ಬೇಕಿತ್ತು.
ಎರಡನೇ ಕಲಮು, ನಾಲ್ಕನೇ ವ್ಯಾಖ್ಯೆ:
'ನೀರು ಅಂದರೆ ಭರತದ ಗೆರೆಯವರೆಗಿನ ಸಕಲವೂ.'
ಯಾರ ಭಾಷೆ ಎಂದು ನನಗೆ ಗೊತ್ತಾಯಿತು.
'ಸಕಲ' ಅವರ ಶಬ್ದ.

ಮೂರನೇ ಸಲ ಇನ್ನೂರ ಹತ್ತೊಂಬತ್ತು ಓಟಿನಿಂದ ಸೋತರು.

ಮೊಳೆಯ ಮೇಲಿನ ಕೋಟು ಭುಜದಲ್ಲಿ ಕೆಂಪಾಗಿತ್ತು.
ತೊಟ್ಟರು. ಒಂದು ಗುಂಡಿ ಬಿದ್ದಿತ್ತು, ಪಿನ್ನು ಕೊಟ್ಟೆ.
ಕಟ್ಟಿನ ಬುಡದಲ್ಲಿ ಉಳಿದದ್ದು ಒಂದೇ ಫೈಲು,
ಹನ್ನೊಂದು ಗುಂಟೆ ಗಜನಿಯದು.
"ಇದ್ಯಾಕೆ ಹಾಗೇ ಇದೆ?" ಅಂದರು.
ನಮ್ಮವರದೇ ಅಲ್ದಾ, ಬೇರೆಯವರದು ಮೊದಲು ಆಗಲಿ ಅಂತ
ನಾನೇ ಕೆಳಗೆ ಇಡುತ್ತಿದ್ದೆ.
ಅದನ್ನು ಹೇಳಲಿಲ್ಲ.

ಎದ್ದು ನಿಂತವರು "ಮಾನ್ಯ ಅಧ್ಯಕ್ಷರೇ" ಅಂದುಬಿಟ್ಟರು.
ಯಾರೂ ನಗಲಿಲ್ಲ; ಅದೇ ಕೆಟ್ಟದಾದದ್ದು.
ಸರ್ಕಾರಿ ವಕೀಲ ಚಿಕ್ಕ ಪ್ರಾಯದ ಹುಡುಗ,
ಮರ್ಯಾದೆಯಿಂದ, ಒಂದು ಅಕ್ಷರ ತಪ್ಪದೆ
ಎರಡನೇ ಕಲಮು ನಾಲ್ಕನೇ ವ್ಯಾಖ್ಯೆ ಓದಿದ.
ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.
ಗಾಂವಕರರ ಕೈ ಮೇಜಿನ ಮೇಲೆ
ಇಲ್ಲದ ಕೂಳೆಯೊಂದನ್ನು ತಡವಿತು.
"ಮುದ್ದತು ಬೇಕು" ಅಂದರು.

ಹೊರಗೆ ಪಟ್ಟೇವಾಲಾ ಆಗಲೂ ಕೂಗುತ್ತಿದ್ದ,
ವಾಡಿಕೆಯಂತೆ ಮೂರು ಸಲ:
ಮೋತಿ ಕೋಂ ಗಣಪು ಹರಿಕಂತ್ರ.
ಆಯಿ ಹೋಗಿ ಎರಡು ಮಳೆಗಾಲ ಆಯಿತು.

ಈಗ ಖೋಲಿಯಲ್ಲಿ ನಾವಿಬ್ಬರೇ.
ಅವರು ಹೇಳುತ್ತಾರೆ, ನಾನು ಬಡಿಯುತ್ತೇನೆ:
ಅರ್ಜಿದಾರಳು ಮೃತಳಾದ ಕಾರಣ
ವಾರಸುದಾರನಾದ ಮಗನ ಹೆಸರನ್ನು...
"ಮಗನ ಹೆಸರು?" ಅನ್ನುತ್ತಾರೆ ಎಂದಿನ ರೂಢಿಯಲ್ಲಿ,
ಕಿಟಕಿಯ ಕಡೆ ನೋಡುತ್ತ, ಆಮೇಲೆ ಸುಮ್ಮನಾಗುತ್ತಾರೆ.
ಕೆಳಗೆ ಸೋಡಾ ಬಾಟಲಿಯ ಗೋಲಿ ಸದ್ದು ಮಾಡುತ್ತದೆ.
ಒಂದೇ ಸಾಲಿನಲ್ಲಿ ಎರಡು ಖಾಲಿ ಬಿದ್ದಿವೆ.
ನಾನು ಪೆನ್ನಿನ ಟೊಪ್ಪಿ ತೆಗೆಯುತ್ತೇನೆ.