ಆಟಕ್ಕುಂಟು, ಲೆಕ್ಕಕ್ಕಿಲ್ಲ

ಸೋಫಿಯಾದಿಂದ ಬಂದ ಕಟ್ಟು ಬಿಚ್ಚಿದರೆ
ನೂರಿಪ್ಪತ್ತು ಹಾಳೆ, ಹಾಳೆಗೆ ಇಪ್ಪತ್ತೆರಡು ಪ್ರಶ್ನೆ.
ಪ್ಲೊವ್‌ಡಿವ್‌ನಲ್ಲಿ ಅಷ್ಟು ಮಂದಿ ಉಳಿದಿದ್ದೇವೆಯೇ?
ಆ ಪ್ರಶ್ನೆ ಮಾತ್ರ ಅದರಲ್ಲಿರಲಿಲ್ಲ.
"ನೀನೇ ಹೋಗಮ್ಮ, ಮೆಟ್ಟಿಲು ಹತ್ತುವ ಕಾಲು
ನಮ್ಮಲ್ಲಿ ಇನ್ನು ಯಾರಿಗಿದೆ" ಎಂದರು
ಕಾರ್ಯದರ್ಶಿ ಸಾಬೆತಾಯ್ ಗೆರೋನ್.

ಪ್ರಶ್ನೆ ಒಂದು: ನೀವು ನಿಮ್ಮನ್ನು ಏನೆಂದುಕೊಳ್ಳುತ್ತೀರಿ?
ಒಂದಕ್ಕೆ ಮಾತ್ರ ಗುರುತು ಹಾಕಿ.
ಸೋಲ್ಚಿ ತಾಜೆರ್ ಬದನೆ ಸುಡುತ್ತಲೇ ನಕ್ಕಳು:
"ಕೂಡುವುದು ಕಳೆಯುವುದು ಬಲ್ಗೇರಿಯನ್ನಿನಲ್ಲಿ,
ಬೈಯುವುದು ಅಜ್ಜಿಯ ಐನೂರು ವರ್ಷದ ಸ್ಪ್ಯಾನಿಷ್‌ನಲ್ಲಿ,
ಹೆದರುವುದು
ಅದಕ್ಕೆ ಭಾಷೆ ಬೇಕಾಗಲಿಲ್ಲ ಕಣೆ.
ಬೆನ್ನು ತಿರುಗಿಸು, ಬದನೆ ಸಿಡಿಯುತ್ತೆ."
ಮೂವತ್ತೊಂದು ವರ್ಷದಿಂದ ಪ್ರಾರ್ಥನಾ ಮಂದಿರದ ಬೀಗದ ಕೈ
ಅವಳ ಸೊಂಟದಲ್ಲಿ.
ಒಳಗೆ ಹತ್ತು ಗಂಡಸರ ಲೆಕ್ಕದಲ್ಲಿ ಅವಳಿಲ್ಲ.

ಹಲ್ಲಿನ ಡಾಕ್ಟರು ಝಾಕ್ ಮಾಜಾರ್, ಮೂರನೆಯ ಮಹಡಿ.
ವರ್ಷಕ್ಕೆಷ್ಟು ಸಲ ಬರುತ್ತೀರಿ? ಇಲ್ಲ.
ದೇವರು? ಇಲ್ಲ, ಅವನೂ ಬರುವುದಿಲ್ಲ.
ಪ್ರಾಯಶ್ಚಿತ್ತದ ದಿನದ ಉಪವಾಸ? ಇಲ್ಲ.
ಬಾಗಿಲು ಹಾಕಿಕೊಂಡವರು ಮತ್ತೆ ತೆರೆದು ಕೇಳಿದರು:
"ಆದರೆ ಆ ದಿನ ಊಟ ರುಚಿಸುವುದಿಲ್ಲ.
ಇದಕ್ಕೆ ಯಾವ ಚೌಕ?"

ಹಳೆಯ ತಂಬಾಕು ಗೋದಾಮಿನ ಹಿಂದೆ ವಿಜಾ ಅಸ್ಸಾ
ಸರಪಳಿ ತೆಗೆಯದೆಯೇ ಹಾಳೆ ಎಳೆದುಕೊಂಡಳು.
ಮರುದಿನ ಖಾಲಿ ಹಾಳೆ ಸಂದಿಯಿಂದ ಹೊರಬಂತು,
ಅಂಚಿನಲ್ಲಿ ಪೆನ್ಸಿಲಿನ ಒಂದು ಸಾಲು:
ಸ್ಮಶಾನದಲ್ಲಿ ನನ್ನ ತಾಯಿಯ ಎಡಗಡೆ
ಜಾಗ ಇನ್ನೂ ಇದೆಯೇ?

ಕೊಳಾಯಿ ರಿಪೇರಿಯ ರುಮೆನ್, ಹುಟ್ಟಿನಿಂದ ನಮ್ಮವನಲ್ಲ.
ಹೆಂಡತಿ ಲೂನಾ ಹೋದ ಮೇಲೂ ಶುಕ್ರವಾರ ತಪ್ಪಿಸಿಲ್ಲ,
ಕಡೆಯ ಬೆಂಚು, ಏಳುವಾಗ ಏಳುತ್ತಾನೆ, ಕೂರುವಾಗ ಕೂರುತ್ತಾನೆ.
ನೀವು ಈ ಸಮುದಾಯದ ಸದಸ್ಯರೇ?
"ಬಾಯ್ಲರನ್ನು ಕೇಳು."

ಶುಕ್ರವಾರ ಸಂಜೆ. ಮರಿತ್ಸಾ ಕಡೆಯಿಂದ ಕೊರೆಯುವ ಗಾಳಿ.
ಮನುಷ್ಯರನ್ನು ಒಂದು ಎರಡು ಎಂದು ಎಣಿಸಬಾರದು ನಮ್ಮಲ್ಲಿ,
ಕಣ್ಣು ತಾಕುತ್ತದೆ. ಹತ್ತು ಪದದ ಒಂದು ಸಾಲಿದೆ,
ತಲೆಗೊಂದು ಪದ ಇಡುತ್ತಾ ಹೋಗುವುದು.
ಗೆರೋನ್ ಬೆಂಚಿನಿಂದ ಬೆಂಚಿಗೆ ತುಟಿಯಲ್ಲೇ ಇಟ್ಟುಕೊಂಡು ಬಂದರು.
ಒಂಬತ್ತನೆಯ ಪದ 'ತನಕ'.
ಅದರ ಮೇಲೆ ಸಾಲು ನಿಂತುಬಿಟ್ಟಿತು,
ಹತ್ತನೆಯದು ಬಾಯಲ್ಲೇ,
ಕಲ್ಲುಸಕ್ಕರೆಯ ಹಾಗೆ, ಕರಗದೆ.

ಬಾಗಿಲ ಬಳಿಯ ಕುಂಟು ಬೆಂಚಿನಲ್ಲಿ ನಾವು:
ಸೋಲ್ಚಿ, ರುಮೆನ್, ನಾನು.
ವಂಶ ನಮ್ಮಲ್ಲಿ ತಾಯಿಯಿಂದ ಹರಿಯುವ ಹೊಳೆ.
ನನ್ನ ಹೊಳೆ ರೊಡೋಪೆಯ ಕುರಿಹಟ್ಟಿಯಲ್ಲಿ ಹುಟ್ಟಿ
ಅಪ್ಪನ ಹೆಸರಿನ ಸೇತುವೆಯಡಿ ಸುಮ್ಮನೆ ಹಾದುಹೋಯಿತು.
ಆಟಕ್ಕುಂಟು, ಲೆಕ್ಕಕ್ಕಿಲ್ಲ.

ದೀಪ ಹಚ್ಚಿಯಾಗಿದೆ. ಇನ್ನು ಫೋನಿಲ್ಲ,
ಕರೆಗಂಟೆ ಒತ್ತುವಂತಿಲ್ಲ ಅವರಲ್ಲಿ ಯಾರೂ.
ಗೆರೋನ್ ನನ್ನ ಕಡೆ ನೋಡಲಿಲ್ಲ. ಕೇಳಲೂ ಬಾರದು.
ಸುಮ್ಮನೆ ಚಾವಣಿ ನೋಡಿದರು, ಮೂರನೆಯ ಮಹಡಿಯಷ್ಟು ಎತ್ತರಕ್ಕೆ.

ಎದ್ದೆ. ಅಂಗಳದ ಬಟ್ಟೆತಂತಿಯ ಕೆಳಗೆ ಬಗ್ಗಿ
ಮೆಟ್ಟಿಲು ಹತ್ತಿ
ಈ ಬೆರಳಿನಿಂದಲೇ, ಯಾವ ವಿಧಿಯೂ ಕಟ್ಟದ ಬೆರಳಿನಿಂದ,
ಗಂಟೆ ಒತ್ತಿದೆ. ಒತ್ತಿ ಹಿಡಿದೆ.

ಪೈಜಾಮ, ಮೇಲೆ ಕೋಟು, ಕಿವಿಯಲ್ಲಿ ಹಚ್ಚದ ಸಿಗರೇಟು.
"ಎಷ್ಟಾಗಿದ್ದಾರೆ?"
"ತನಕ."
ಡಾಕ್ಟರು ಸ್ವಲ್ಪ ಹೊತ್ತು ಆ ಪದವನ್ನು
ಸಡಿಲ ಹಲ್ಲನ್ನು ಅಲುಗಿಸಿ ನೋಡುವಂತೆ ನೋಡಿದರು.
"ಬಾಯ್ಲರ್ ಉರೀತಿದೆ ತಾನೇ" ಅಂದರು,
ಚಪ್ಪಲಿಯಲ್ಲೇ ಇಳಿದರು.

ಸೋಮವಾರ ನಲವತ್ತಮೂರು ಹಾಳೆ ಸೋಫಿಯಾಕ್ಕೆ ಹೋದವು.
ವಿಜಾಳ ಸಾಲಿನ ಕೆಳಗೆ ನಾನು ಬರೆದೆ: ಇದೆ, ನೋಡಿ ಬಂದೆ.
ನನ್ನ ಹಾಳೆ ನಾಲ್ಕು ಮಡಿಕೆಯಾಗಿ
ಕುಂಟು ಬೆಂಚಿನ ಕಾಲಿನಡಿ ಇದೆ.
ಸೋಲ್ಚಿ ಕೂತು ನೋಡಿದಳು.
ಇನ್ನೂ ಸ್ವಲ್ಪ ಅಲುಗುತ್ತದೆ ಅಂದಳು.